ಬಟ್ರೆಸ್ ಕೇಸಿಂಗ್‌ಗೆ ಮೇಕಪ್ ಟಾರ್ಕ್ ಎಷ್ಟು?

ಬಟ್ರೆಸ್ ಥ್ರೆಡ್ ಇರುವ ಕೇಸಿಂಗ್‌ಗೆ (ತೈಲ ಬಾವಿಗೆ ಇಳಿಸುವ ಉಕ್ಕಿನ ಪೈಪ್) ಮೇಕಪ್ ಟಾರ್ಕ್, ಅಂದರೆ ಜಾಯಿಂಟ್ ಬಿಗಿಸುವ ತಿರುಚು ಬಲದ ಪಟ್ಟಿ ಸಿಗುತ್ತಿಲ್ಲ, ಅದೇ ಸೈಜಿನ 8-ರೌಂಡ್‌ನ (ಇಂಚಿಗೆ ಎಂಟು ದುಂಡನೆಯ ಥ್ರೆಡ್ ಇರುವ ಬಗೆ) ಅಂಕಿ ಹಾಕಬಹುದಾ ಎಂದು ಕೇಳಿದ್ದೀರಿ. ದಯವಿಟ್ಟು ಹಾಕಬೇಡಿ. 8-ರೌಂಡ್‌ಗೆ ಎಪಿಐ (ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್) ಪಟ್ಟಿಯಲ್ಲಿ ಸೂಕ್ತ ಟಾರ್ಕ್ ಇದೆ. ಅದರ 75%ರಿಂದ 125%ವರೆಗೆ ನಡೆಯುತ್ತದೆ. ಬಟ್ರೆಸ್‌ನಲ್ಲಿ ನೋಡಬೇಕಾದ್ದು ಮೊದಲು ಕಪ್ಲಿಂಗ್ (ಎರಡು ಪೈಪ್ ಜೋಡಿಸುವ ತೋಳು) ಬಂದು ನಿಲ್ಲುವ ಜಾಗ, ಆಮೇಲೆ ಟಾರ್ಕ್.

ಪೈಪ್ ಮೇಲೆ ತ್ರಿಕೋನದ ಗುರುತು ಇರುತ್ತದಲ್ವಾ, ಕಪ್ಲಿಂಗ್‌ನ ಅಂಚು ಅದರ ಬುಡಕ್ಕೆ ಬರುವವರೆಗೆ ಬಿಗಿ ಮಾಡಿ. ಮೊದಲ ಕೆಲವು ಜಾಯಿಂಟ್‌ಗಳಿಗೆ ಎಷ್ಟು ಟಾರ್ಕ್ ಬೇಕಾಯಿತು ಎಂದು ಬರೆದುಕೊಳ್ಳಿ. ಅದರ ಸರಾಸರಿಯೇ ಉಳಿದವಕ್ಕೆ ಗುರಿ. ಆದರೂ ಪ್ರತಿ ಜಾಯಿಂಟ್‌ನಲ್ಲೂ ಗುರುತು ನೋಡಿ. ಟಾರ್ಕ್ ಏರುತ್ತಲೇ ಇದ್ದು ಅಂಚು ಗುರುತಿನ ಹತ್ತಿರ ಬರದಿದ್ದರೆ ಸುಮ್ನೆ ಒತ್ತಾಯ ಮಾಡಬೇಡಿ. ಬಿಚ್ಚಿ, ಥ್ರೆಡ್ ಒರೆಸಿ ನೋಡಿ.

ನಡುವೆ ಡೋಪ್ (ಥ್ರೆಡ್‌ಗೆ ಹಚ್ಚುವ ಗ್ರೀಸ್) ಬದಲಾದರೆ ಸರಾಸರಿ ಹೊಸದಾಗಿ ತೆಗೆಯಬೇಕು, ಯಾಕೆಂದರೆ ಘರ್ಷಣೆ ಬೇರೆಯಾಗುತ್ತದೆ. ಟಾಂಗ್‌ನ (ಪೈಪ್ ತಿರುಗಿಸಿ ಬಿಗಿಸುವ ಸಾಧನ) ತೋಳಿಗೂ ಅದಕ್ಕೆ ಕಟ್ಟಿದ ಲೈನ್‌ಗೂ (ತಂತಿ ಹಗ್ಗ) 90 ಡಿಗ್ರಿ ಇದೆಯಾ ಎಂದೂ ನೋಡಿ. 60 ಡಿಗ್ರಿಯಾದರೆ ನಿಜವಾದ ಟಾರ್ಕ್ ಗೇಜ್ ತೋರಿಸುವುದರ ಸುಮಾರು 87% ಮಾತ್ರ. ಇದನ್ನು ಜಾಸ್ತಿ ಜನ ಗಮನಿಸುವುದಿಲ್ಲ.

ಪ್ರೀಮಿಯಂ ಕನೆಕ್ಷನ್ (ತಯಾರಕರು ತಮ್ಮದೇ ವಿನ್ಯಾಸದಲ್ಲಿ ಮಾಡುವ ಜಾಯಿಂಟ್) ಆದರೆ ಇದ್ಯಾವುದೂ ಬೇಡ, ತಯಾರಕರ ಡೇಟಾಶೀಟ್ ಹೇಳಿದ್ದನ್ನೇ ಪಾಲಿಸಿ.