ಕಿವಿ ಮಂದವಾದ ಮಗುವಿಗೆ ತಾಳ ಕಲಿಸಬಹುದೇ?

ಪ್ರಶ್ನೆ: ನಾನು ಕೊಪ್ಪಳ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಸಂಗೀತ ಶಿಕ್ಷಕಿ. ಎಂಟನೇ ತರಗತಿಯ ಒಬ್ಬ ಹುಡುಗಿ ಶ್ರವಣ ಸಾಧನ ಬಳಸುತ್ತಾಳೆ. ಸೆರೆಬ್ರಲ್ ಪಾಲ್ಸಿ ಇರುವ ಹುಡುಗನೊಬ್ಬನ ಬಲಗೈ ಬಿಗಿದುಕೊಂಡಿದೆ. ಸಂಗೀತದ ಅವಧಿಯಲ್ಲಿ ಇಬ್ಬರನ್ನೂ ಗ್ರಂಥಾಲಯಕ್ಕೆ ಕಳುಹಿಸಿ ಎಂದು ಸಹೋದ್ಯೋಗಿಗಳು ಹೇಳುತ್ತಾರೆ. ಏನು ಮಾಡಲಿ?

ಉತ್ತರ: ಕಳುಹಿಸಬೇಡಿ. ವಿಕಲಚೇತನರ ಹಕ್ಕುಗಳ 2016ರ ಕಾಯ್ದೆಯ 16ನೇ ಕಲಮು ಎಲ್ಲ ಮಕ್ಕಳೊಂದಿಗೆ ಸಮಾನವಾಗಿ ಕಲಿಯುವ ಅವಕಾಶವನ್ನು ಇವರಿಗೂ ನೀಡಬೇಕೆನ್ನುತ್ತದೆ. ಆದರೆ ನಿಮ್ಮ ನಿಜವಾದ ತೊಡಕು ಕಾನೂನಿನದಲ್ಲ, ರೂಢಿಯದು. ಪಕ್ಕದ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಕಣ್ಣಿಲ್ಲದೆಯೇ ಸಂಗೀತವನ್ನು ಕಲಿಸಿ ಬೆಳೆಸಿದ್ದರಿಂದ, ನಮ್ಮ ಸೀಮೆಯವರು ಅಂಧ ಮಗುವಿನ ಮುಂದೆ ತಾವಾಗಿಯೇ ಹಾರ್ಮೋನಿಯಂ ಇಡುತ್ತಾರೆ (ಅದಕ್ಕೆ ಹಾಡುವ ಆಸೆ ಇದೆಯೋ ಇಲ್ಲವೋ ಎಂದು ಕೇಳುವವರು ಕಡಿಮೆ). ಕಿವಿ ಮಂದವಾದ ಮಗುವಿನ ಮುಂದಿನಿಂದ ಅದೇ ಪೆಟ್ಟಿಗೆಯನ್ನು ಎತ್ತಿಡುತ್ತಾರೆ.

ತಾಳ ಕಿವಿಗಷ್ಟೇ ಸೇರಿದ್ದಲ್ಲ. ಸಮೂಹ ಗೀತೆಗಳಲ್ಲಿ ಹೆಚ್ಚಾಗಿ ಬರುವ ಕೆಹರವಾ ತಾಳವನ್ನೇ ನೋಡಿ: ಅದರ 8 ಮಾತ್ರೆಗಳಲ್ಲಿ, ಅಂದರೆ ಎಣಿಕೆಗಳಲ್ಲಿ, ಮೊದಲನೆಯದಕ್ಕೆ ಚಪ್ಪಾಳೆ, ಐದನೆಯದಕ್ಕೆ ಖಾಲಿ, ಅಂದರೆ ಅಂಗೈ ಹೊರಳಿಸುವುದು. ಇವೆರಡೂ ಕಣ್ಣಿಗೆ ಕಾಣುತ್ತವೆ. ಇನ್ನು ಡಗ್ಗಾವನ್ನು (ತಬಲಾ ಜೋಡಿಯಲ್ಲಿ ದಪ್ಪ ದನಿಯದು) ಮರದ ಬೆಂಚಿನ ಮೇಲಿಟ್ಟು ಬಾರಿಸಿ, ಅದೇ ಬೆಂಚಿನ ತುದಿಯಲ್ಲಿ ಹುಡುಗಿಗೆ ಅಂಗೈ ಊರಲು ಹೇಳಿ. ನೆಲಕ್ಕೆ ಕಲ್ಲುಹಾಸು ಇದ್ದರೆ ಅದು ಹೆಚ್ಚು ನಡುಗುವುದಿಲ್ಲ, ಹಲಗೆ ನಡುಗುತ್ತದೆ. ಈ ತಾಳದ ಬಡಿತಗಳನ್ನು ಬಾಯಲ್ಲಿ ಹೇಳುವುದು ‘ಧಾ ಗೆ ನ ತಿ, ನ ಕ ಧಿ ನ’ ಎಂದು. ‘ಧಾ ಗೆ’ ಎಂಬಲ್ಲಿ ಆ ನಡುಕ ಅವಳ ಕೈಗೆ ತಾಗುತ್ತದೆ, ಖಾಲಿಯ ‘ನ ಕ’ದಲ್ಲಿ ಅಡಗುತ್ತದೆ, ‘ಧಿ’ಗೆ ಮತ್ತೆ ಬರುತ್ತದೆ. ಖಾಲಿ ಎಂದರೇನು ಎಂಬುದನ್ನು ಕಿವಿ ಚೆನ್ನಾಗಿರುವ ಮಕ್ಕಳಿಗೂ ಇಷ್ಟು ಸ್ಪಷ್ಟವಾಗಿ ತಿಳಿಸುವ ಉಪಾಯ ನನಗೆ ಬೇರೆ ತೋಚದು. ಆದ್ದರಿಂದ ಇಡೀ ತರಗತಿಯೇ ಸರದಿಯಂತೆ ಕೈ ಊರಲಿ.

ಸ್ವರದ ವಿಷಯದಲ್ಲಿ ಆತುರ ಬೇಡ. ಶ್ರವಣ ಸಾಧನವು ಹಾಡನ್ನಷ್ಟೇ ಅಲ್ಲದೆ ಫ್ಯಾನಿನ ಸದ್ದನ್ನೂ ಬೆಂಚು ಎಳೆದಾಡುವ ಸದ್ದನ್ನೂ ಹೆಚ್ಚಿಸುತ್ತದೆ. ಆದ್ದರಿಂದ ಅವಳನ್ನು ನಿಮ್ಮ ಹತ್ತಿರ ಕೂರಿಸಿಕೊಳ್ಳಿ, ಸಾಹಿತ್ಯವನ್ನು ಮೊದಲೇ ಬರೆದುಕೊಡಿ, ಕಿಟಕಿಗೆ ಬೆನ್ನು ಮಾಡಿ ನಿಲ್ಲಬೇಡಿ. ಹಿಂದಿನಿಂದ ಬೆಳಕು ಬಿದ್ದರೆ ನಿಮ್ಮ ತುಟಿಗಳ ಚಲನೆ ಅವಳಿಗೆ ಕಾಣುವುದಿಲ್ಲ.

ಹುಡುಗನ ಸಮಸ್ಯೆ ಇದಕ್ಕಿಂತ ಸುಲಭ. ಹಾರ್ಮೋನಿಯಂ ನುಡಿಸಲು ಎರಡು ಕೈ ಬೇಕು ನಿಜ, ಆದರೆ ಅವೆರಡೂ ಒಬ್ಬರದೇ ಆಗಿರಬೇಕಿಲ್ಲ. ಎದುರಿಗೆ ಕುಳಿತ ಗೆಳೆಯ ತಿದಿ ಒತ್ತಲಿ, ಇವನು ಎಡಗೈಯಿಂದ ನುಡಿಸಲಿ. ಬೆರಳುಗಳಿಗೆ ಬೇಗ ಆಯಾಸವಾಗುವುದರಿಂದ ಎರಡು ಸಾಲಿಗೊಮ್ಮೆ ಬಿಡುವು ಕೊಡಿ.

ಆಗಸ್ಟ್ 15ರ ವೇದಿಕೆಯಲ್ಲಿ ಧ್ವನಿವರ್ಧಕದ ಪೆಟ್ಟಿಗೆಯನ್ನು ಹುಡುಗಿಯಿಂದ ದೂರವಿಡಿಸಿ, ನಿಮ್ಮ ಕೈ ಅವಳಿಗೆ ಕಾಣುವಂತೆ ಎದುರಿಗೆ ನಿಂತು ತಾಳ ಹಾಕಿ.