ಅದೇ ಇಲಿ, ಅದೇ ಕೋಣೆ, ಬೇರೆ ಫಲಿತಾಂಶ

ಓದುಗರ ಪತ್ರ: ನಮ್ಮ ವಿಶ್ವವಿದ್ಯಾಲಯದ ಪ್ರಾಣಿವರ್ತನೆ ಕೋಣೆಯನ್ನು ಮೂರು ಪ್ರಯೋಗಾಲಯಗಳು ಹಂಚಿಕೊಂಡಿವೆ. ಮೊದಲ ವಾರ ನನ್ನ ಚಿಟ್ಟಿಲಿಗಳನ್ನು ಔಷಧವಿಲ್ಲದೆ ಪ್ಲಸ್ ಮೇಜ್ ಮೇಲೆ ಬಿಟ್ಟೆ. ಇದು ನೆಲದಿಂದ ಎತ್ತರದಲ್ಲಿರುವ, ಕೂಡುವ ಚಿಹ್ನೆಯ ಆಕಾರದ ವೇದಿಕೆ; ಎರಡು ತೋಳುಗಳು ಗೋಡೆಯಿಂದ ಮುಚ್ಚಿವೆ, ಎರಡು ತೆರೆದಿವೆ; ಆತಂಕ ಕಡಿಮೆಯಿದ್ದಷ್ಟೂ ಇಲಿ ತೆರೆದ ತೋಳಿಗೆ ಹೆಚ್ಚು ಹೋಗುತ್ತದೆ. ತೆರೆದ ತೋಳುಗಳಿಗೆ ಚೆನ್ನಾಗಿಯೇ ಹೋದವು. ಮರುವಾರ ಅವಕ್ಕೇ ಆತಂಕ ತಗ್ಗಿಸುವ ಔಷಧವಾದ ಡಯಾಜೆಪಾಮ್ ಕೊಟ್ಟು ಬಿಟ್ಟರೆ ಮುಚ್ಚಿದ ತೋಳು ಬಿಟ್ಟು ಕದಲಲಿಲ್ಲ. ಉಪಕರಣದಲ್ಲಿ ದೋಷವಿದೆಯೇ?

ಸಂಪಾದಕರ ಉತ್ತರ: ಉಪಕರಣದ ಮೇಲೆ ಅನುಮಾನ ಬೇಡ. ನಿಮ್ಮ ಪತ್ರದ 'ಅವಕ್ಕೇ' ಎಂಬ ಪದದಲ್ಲೇ ಕಾರಣವಿದೆ. ಪ್ಲಸ್ ಮೇಜ್ ಒಂದು ಪ್ರಾಣಿಗೆ ಒಂದೇ ಸಲದ ಪರೀಕ್ಷೆ. ಒಮ್ಮೆ ಐದು ನಿಮಿಷ ಅದರ ಮೇಲೆ ಕಳೆದ ಇಲಿ ಎರಡನೇ ಸಲ ತೆರೆದ ತೋಳನ್ನು ಇನ್ನಷ್ಟು ದೂರವಿಡುತ್ತದೆ. ಡಯಾಜೆಪಾಮ್‌ನಂಥ ಔಷಧಗಳೂ ಆಗ ನಾಟುವುದಿಲ್ಲ. ಪ್ಲಸ್ ಮೇಜ್ ಕಾಣದ ಹೊಸ ಇಲಿಗಳನ್ನು ಎರಡು ಗುಂಪು ಮಾಡಿ. ಒಂದಕ್ಕೆ ಔಷಧ, ಇನ್ನೊಂದಕ್ಕೆ, ಅಂದರೆ ನಿಯಂತ್ರಣ ಗುಂಪಿಗೆ, ಔಷಧ ಬೆರೆಸುವ ದ್ರಾವಣ ಮಾತ್ರ. ಎರಡೂ ಗುಂಪುಗಳನ್ನು ಒಂದೇ ದಿನ, ಸರದಿ ಬೆರೆಸಿ ಪರೀಕ್ಷಿಸಿ.

ಹಂಚಿಕೊಂಡ ಕೋಣೆಯಲ್ಲಿ ನನ್ನ ನಿಜವಾದ ಚಿಂತೆ ವಾಸನೆಯದು. ಪ್ರತಿ ಇಲಿಯ ನಂತರ ತೋಳುಗಳನ್ನು ಶೇ. 70ರ ಆಲ್ಕೋಹಾಲ್‌ನಿಂದ ಒರೆಸುತ್ತೀರಿ, ಸರಿ. ಆದರೆ ಅದು ಪೂರ್ತಿ ಆರುವ ಮೊದಲೇ ಮುಂದಿನದನ್ನು ಬಿಟ್ಟರೆ ಆ ಘಾಟಿಗೇ ಇಲಿ ಹಿಂಜರಿಯುತ್ತದೆ. ಮಧ್ಯದ ಚೌಕ ಮತ್ತು ಗೋಡೆ ಸೇರುವ ಮೂಲೆಗಳಲ್ಲಿ ಮೂತ್ರ ಉಳಿಯುತ್ತದೆ. ಅಲ್ಲಿ ಬಟ್ಟೆಯ ತುದಿ ತೂರಿಸಿ ಒರೆಸಬೇಕು. ನಿಮಗಿಂತ ಮುಂಚೆ ಬೇರೆ ಲ್ಯಾಬಿನವರು ದೊಡ್ಡ ಇಲಿಗಳನ್ನು, ಅಂದರೆ ರ‍್ಯಾಟ್‌ಗಳನ್ನು ತಂದಿದ್ದರೇ? ಅವು ಚಿಟ್ಟಿಲಿಗಳನ್ನು ಬೇಟೆಯಾಡುವ ಪ್ರಾಣಿಗಳು. ವಾಸನೆ ಸಾಕು ಹೆದರಲು. ಬೇರೆ ಕೋಣೆ ಇಲ್ಲದಿದ್ದರೆ ಬುಕಿಂಗ್‌ನಲ್ಲಿ ಬೇರೆ ದಿನವನ್ನಾದರೂ ಕೇಳಿ ಪಡೆಯಿರಿ.

ಬಾಲ ಹಿಡಿದು ಎತ್ತಬೇಡಿ. ಇಲಿ ತಾನಾಗಿ ಹೊಕ್ಕುವಂಥ ಕೊಳವೆಯಲ್ಲಿ ಎತ್ತಿದರೆ ಆತಂಕ ಕಡಿಮೆ ಎಂದು 2010ರಲ್ಲೇ ತೋರಿಸಲಾಗಿದೆ. ಪಂಜರವನ್ನು ಪರೀಕ್ಷೆಗೆ ಕನಿಷ್ಠ ಅರ್ಧ ಗಂಟೆ ಮುಂಚೆ ತಂದಿಡಿ. ಪರೀಕ್ಷೆ ಮುಗಿಸಿದ ಇಲಿಯನ್ನು ಕಾಯುತ್ತಿರುವ ಜೊತೆಯವರ ಬಳಿ ಮರಳಿ ಬಿಡದೆ ಬೇರೆ ಪಂಜರದಲ್ಲಿಡಿ. ಬೆಳಕನ್ನು ಲಕ್ಸ್ ಮೀಟರ್‌ನಿಂದ ನಾಲ್ಕೂ ತೋಳುಗಳ ತುದಿಯಲ್ಲಿ ಅಳೆದು ಬರೆದಿಡಿ. ತೆರೆದ ತೋಳುಗಳೆರಡರಲ್ಲಿ ಒಂದು ಕತ್ತಲಾಗಿದ್ದರೆ ಇಲಿ ಅತ್ತಲೇ ವಾಲುತ್ತದೆ.

ಇಷ್ಟೆಲ್ಲ ಮಾಡಿದರೂ ಪಕ್ಕದ ಲ್ಯಾಬಿನ ಅಂಕಿಗಳು ನಿಮ್ಮವಕ್ಕೆ ಹೊಂದದಿರಬಹುದು. 1999ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅಮೆರಿಕದ ಆಲ್ಬನಿ, ಪೋರ್ಟ್‌ಲೆಂಡ್ ಮತ್ತು ಕೆನಡಾದ ಎಡ್ಮಂಟನ್‌ಗಳ ಮೂರು ಪ್ರಯೋಗಾಲಯಗಳು ಅವೇ ತಳಿಗಳು, ಅಂಥದ್ದೇ ಉಪಕರಣ, ಅದೇ ಕ್ರಮ ಇಟ್ಟುಕೊಂಡೂ ಕೆಲವು ಪರೀಕ್ಷೆಗಳಲ್ಲಿ ಬೇರೆ ಬೇರೆ ಫಲಿತಾಂಶ ಪಡೆದವು; ಪ್ಲಸ್ ಮೇಜ್ ಅವುಗಳಲ್ಲಿ ಒಂದು. ಆದ್ದರಿಂದ ಹೋಲಿಕೆ ನಿಮ್ಮದೇ ನಿಯಂತ್ರಣ ಗುಂಪಿನೊಂದಿಗೆ ಇರಲಿ. ಯಾರು ಇಲಿ ಎತ್ತಿದರು, ಎಷ್ಟು ಹೊತ್ತಿಗೆ, ಅದಕ್ಕೆ ಮೊದಲು ಕೋಣೆಯಲ್ಲಿ ಯಾವ ಪ್ರಾಣಿ ಇತ್ತು: ಈ ಮೂರನ್ನು ಕೋಣೆಯ ದಾಖಲೆ ಪುಸ್ತಕದಲ್ಲಿ ಎಲ್ಲ ಲ್ಯಾಬಿನವರೂ ಬರೆಯುವಂತೆ ಒತ್ತಾಯಿಸಿ.

ಹೊಸ ಇಲಿಗಳನ್ನು ತರಿಸುವ ಮುನ್ನ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯಿಂದ ಹೆಚ್ಚುವರಿ ಸಂಖ್ಯೆಗೆ ಅನುಮತಿ ಪಡೆಯಿರಿ. ಅರ್ಜಿಯಲ್ಲಿ ಮರುಪರೀಕ್ಷೆಯ ತಪ್ಪನ್ನು ಇದ್ದದ್ದು ಇದ್ದಂತೆ ಬರೆಯಿರಿ.