ಮರದ ಕೋಸ್ಟರ್ ಕೆಡವುವ ಮುಂಚೆ

ಹಳೆಯ ಪಾರ್ಕಿಗೆ ಹೊಸ ರೂಪ ಕೊಡುವಾಗ ಮರದ ರೋಲರ್ ಕೋಸ್ಟರ್, ಕುದುರೆಗಳ ಮೆರ್ರಿ ಗೋ ರೌಂಡ್ ಇಟ್ಟುಕೊಳ್ಳಬೇಕೋ ತೆಗೆಯಬೇಕೋ ಅಂತ ಕೇಳಿದ್ದೀರಿ. ಎರಡನ್ನೂ ದಯವಿಟ್ಟು ಉಳಿಸಿ.

ಮರ ಹಳೆಯದಾಯಿತು ಅನ್ನೋದು ಕೆಡವಲು ಕಾರಣವೇ ಅಲ್ಲ. ಮರದ ಕೋಸ್ಟರ್ ಬಾಳುವುದೇ ತುಂಡು ತುಂಡಾಗಿ ಬದಲಾಗುತ್ತಾ. ಹಲಗೆ, ಕಂಬ, ಬೋಲ್ಟು ಆಗಾಗ ಹೊಸದು ಬರುತ್ತವೆ, ಏರಿಳಿತ ಮಾತ್ರ ಅದೇ. ಡೆನ್ಮಾರ್ಕಿನ ಕೋಪನ್‌ಹೇಗನ್‌ನ ಟಿವೋಲಿ ಪಾರ್ಕಿನಲ್ಲಿ 1914ರ ಮರದ ಕೋಸ್ಟರ್ ಇಂದಿಗೂ ಓಡುತ್ತಿದೆ. ಬ್ರೇಕ್ ಹಿಡಿಯುವವರು ಜನರ ಜೊತೆ ಅದರಲ್ಲೇ ಕೂತು ಹೋಗುತ್ತಾರೆ. ಇಂಗ್ಲೆಂಡಿನ ಮಾರ್ಗೇಟ್‌ನಲ್ಲಿ 1920ರ ‘ಸೀನಿಕ್ ರೈಲ್ವೆ’ ಅನ್ನೋ ಮರದ ಕೋಸ್ಟರಿನ ಒಂದು ಭಾಗ 2008ರಲ್ಲಿ ಸುಟ್ಟುಹೋಯಿತು. ಅದನ್ನೂ ಕಟ್ಟಿ ನಿಲ್ಲಿಸಿ 2015ರಲ್ಲಿ ಮತ್ತೆ ಓಡಿಸಿದರು. ನಿಮ್ಮದು ಅಷ್ಟು ಕೆಟ್ಟ ಸ್ಥಿತಿಯಲ್ಲಿಲ್ಲವಲ್ಲ!

ಕುದುರೆಗಳಿಗೆ ಪೇಂಟ್ ಹೊಡೆಸುವ ಆತುರ ಬೇಡ. ಮೊದಲು ಬಲ್ಲವರಿಂದ ಜೀನಿನ ಅಂಚಿನಲ್ಲಿ ಉಗುರಿನಷ್ಟಗಲ ಜಾಗವನ್ನು ಪದರ ಪದರವಾಗಿ ಕೆರೆಸಿ ನೋಡಿ. ಮೇಲಿನ ದಪ್ಪ ಕೆಂಪಿನಡಿ ಬೇರೆಯೇ ಬಣ್ಣ, ಅದರಡಿ ಇನ್ನೊಂದು, ತೀರಾ ತಳದಲ್ಲಿ ಮೊದಲ ಕುಶಲಕರ್ಮಿ ಹಚ್ಚಿದ್ದು ಸಿಗಬಹುದು. ಕೇಸರದ ಕೆತ್ತನೆಯಲ್ಲೂ ಪೇಂಟ್ ತುಂಬಿಕೊಂಡಿರುತ್ತದೆ. ಅದನ್ನು ತೆಗೆಸಿದರೆ ಕೂದಲಿನ ಒಂದೊಂದು ಎಳೆಯೂ ಎದ್ದು ಕಾಣುತ್ತದೆ. ನನಗಂತೂ ಪಾರ್ಕಿನ ನಿಜವಾದ ಆಸ್ತಿ ಇದೇ ಅನ್ನಿಸುತ್ತದೆ.

ಶೌಚಾಲಯ, ವೈರಿಂಗ್, ನೆರಳು, ವೀಲ್‌ಚೇರ್ ದಾರಿ ಇವನ್ನೆಲ್ಲ ಹಿಂದೆಮುಂದೆ ನೋಡದೆ ಬದಲಿಸಿ. ಸುರಕ್ಷತೆಯ ವಿಷಯದಲ್ಲಿ ಹಳೆಯದರ ಮೇಲಿನ ಪ್ರೀತಿಗೆ ಜಾಗವಿಲ್ಲ.

ಇನ್ನೊಂದು ಮಾತು: ವರ್ಷಗಟ್ಟಲೆ ಆ ಕೋಸ್ಟರ್ ನಡೆಸಿದವರನ್ನು ನಕ್ಷೆ ಬರೆಯುವ ಮುಂಚೆಯೇ ಕರೆಸಿ ಮಾತಾಡಿಸಿ. ಯಾವ ತಿರುವಿನಲ್ಲಿ ಗಾಡಿ ನರಳುತ್ತದೆ, ಮಳೆ ಬಂದಾಗ ಬ್ರೇಕ್ ಎಷ್ಟು ಮೊದಲು ಎಳೆಯಬೇಕು ಅನ್ನೋದು ಅವರ ಕೈಗೆ ಗೊತ್ತಿರುತ್ತದೆ, ಕಡತದಲ್ಲಿ ಇರುವುದಿಲ್ಲ.